ಹೆಂಡತಿಯ ನೆನಪಿಗೊಂದು ರಂಗಮಂದಿರ

ತೊಂಬತ್ತರ ದಶಕದ ಮಾತು. ಮುಂಬಯಿಯ ನಮ್ಮ ಒಂದು ಕೋಣೆಯ ಮನೆಗೆ ಮೈದುನ ಒಂದು ವಿಡಿಯೊ ಕ್ಯಾಸೆಟ್ ತಂದುಕೊಟ್ಟಿದ್ದ. ಯಾನಿ ಎಂಬ ಗ್ರೀಕ್ ಸಂಗೀತಗಾರ 1993ರಲ್ಲಿ ಅಥೆನ್ಸ್‌ನ ಅಕ್ರೋಪೊಲಿಸ್ ಗುಡ್ಡದ ಬುಡದಲ್ಲಿ ನಡೆಸಿದ ಕಛೇರಿ ಅದು. ನಮ್ಮಲ್ಲಿ ಹಲವರ ಮನೆಯಲ್ಲೂ ಆಗ ಆ ಕ್ಯಾಸೆಟ್ ಇತ್ತು. ಮಕ್ಕಳು ಪಿಟೀಲಿನವರ ಕೈಚಳಕ ನೋಡುತ್ತಿದ್ದರೆ ನಾನು ನೋಡುತ್ತಿದ್ದದ್ದು ಹಿಂದಿನ ಗೋಡೆಯನ್ನು. ಸಾಲು ಸಾಲು ಕಮಾನುಗಳು, ಅವುಗಳ ಮೇಲೆ ಇನ್ನೊಂದು ಸಾಲು ಕಮಾನು, ಕಮಾನುಗಳ ಆಚೆ ಕತ್ತಲು. ಎದುರಿಗೆ ಅರ್ಧಚಂದ್ರದ ಹಾಗೆ ಮೇಲೇರುವ ಕಲ್ಲಿನ ಮೆಟ್ಟಿಲುಗಳ ತುಂಬ ಜನ. ಇದನ್ನು ಯಾರು ಕಟ್ಟಿಸಿರಬಹುದು ಎಂದು ಅಂದುಕೊಂಡದ್ದುಂಟು. ಆಮೇಲೆ ಅಡುಗೆ, ಲೋಕಲ್ ಟ್ರೇನು, ಮಕ್ಕಳ ಪರೀಕ್ಷೆಗಳ ನಡುವೆ ಆ ಪ್ರಶ್ನೆ ಮರೆತೇ ಹೋಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು ಎರಡು ವರ್ಷದ ಕೆಳಗೆ, ಮಗಳು ಅಳಿಯನ ಜೊತೆ ಗ್ರೀಸ್ ಪ್ರವಾಸಕ್ಕೆ ಹೋದಾಗ. ಅಕ್ರೋಪೊಲಿಸ್ ಹತ್ತುವ ದಾರಿಯಲ್ಲಿ ಒಂದು ಕಡೆ ನಿಂತು ಕೆಳಗೆ ಬಗ್ಗಿ ನೋಡಿದರೆ ಆ ರಂಗಮಂದಿರ ಇಡಿಯಾಗಿ ಕಾಣುತ್ತದೆ. ಹೆರೋಡಿಸ್ ಅಟ್ಟಿಕಸ್ ಎಂಬ ಶ್ರೀಮಂತ ತೀರಿಹೋದ ತನ್ನ ಹೆಂಡತಿ ರೆಜಿಲ್ಲಾಳ ನೆನಪಿಗೆ ಇದನ್ನು ಕಟ್ಟಿಸಿದ ಎಂದರು ಗೈಡ್. ನಮ್ಮ ಗುಂಪಿನ ಹೆಂಗಸರೆಲ್ಲ ಮೆಚ್ಚುಗೆಯಿಂದ ತಲೆದೂಗಿದೆವು. ಮುಂದೆ ನಡೆಯುತ್ತ ಗೈಡ್ ಇನ್ನೊಂದು ಮಾತು ಸೇರಿಸಿದರು. ಅವಳ ಸಾವಿಗೆ ಅವನೇ ಕಾರಣ ಎಂದು ರೋಮ್‌ನಲ್ಲಿ ಅವನ ಮೇಲೆ ಮೊಕದ್ದಮೆಯೂ ನಡೆದಿತ್ತಂತೆ.

ನಾನು ಅಲ್ಲೇ ನಿಂತುಬಿಟ್ಟೆ. ನನಗೆ ಉಡುಪಿ ಕಡೆಯ ನಮ್ಮೂರಿನ ಶಾಲೆಯ ರಂಗಮಂಟಪ ನೆನಪಾಯಿತು. ಅದರ ಹಣೆಯ ಮೇಲೆ ನನ್ನ ದೊಡ್ಡಮ್ಮನ ಹೆಸರಿದೆ. ಆ ಕಥೆ ಕೊನೆಗೆ ಹೇಳುತ್ತೇನೆ. ಮೊದಲು ಹೆರೋಡಿಸ್‌ನ ಕಥೆ. ಊರಿಗೆ ಮರಳಿದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿ ತಿಳಿದುಕೊಂಡದ್ದು ಇದು.

ಹೆರೋಡಿಸ್ ಹುಟ್ಟಿದ್ದು ಕ್ರಿ.ಶ. 101ರ ಸುಮಾರಿಗೆ, ಅಥೆನ್ಸ್‌ಗೆ ಸೇರಿದ ಮಾರಥಾನ್ ಎಂಬ ಊರಿನಲ್ಲಿ. ಓಟದ ಸ್ಪರ್ಧೆಗೆ ಹೆಸರು ಕೊಟ್ಟ ಊರು ಅದೇ. ಆಗ ಗ್ರೀಸ್ ದೇಶ ರೋಮನ್ ಸಾಮ್ರಾಜ್ಯದ ಒಂದು ಭಾಗ. ಹೆರೋಡಿಸ್‌ನ ತಾತ ಹಿಪ್ಪಾರ್ಕಸ್ ಬಹಳ ದೊಡ್ಡ ಸಾಹುಕಾರ. ಆದರೆ ಅವನ ಮೇಲೆ ಆಪಾದನೆ ಬಂದು ಆಸ್ತಿಯೆಲ್ಲ ಮುಟ್ಟುಗೋಲಾಯಿತು. ಮಗ ಅಟ್ಟಿಕಸ್‌ನ ಕಾಲಕ್ಕೆ ಮನೆತನ ಬಡತನಕ್ಕೆ ಇಳಿದಿತ್ತು.

ಆಗ ನಡೆದದ್ದು ಕಥೆಯ ಹಾಗೆ ಇದೆ. ಅಥೆನ್ಸ್‌ನ ಹಳೆಯ ರಂಗಮಂದಿರದ ಹತ್ತಿರ ಅಟ್ಟಿಕಸ್‌ಗೆ ಒಂದು ಮನೆ ಇತ್ತು. ಅಲ್ಲಿ ಅವನಿಗೆ ದೊಡ್ಡ ನಿಧಿ ಸಿಕ್ಕಿತು. ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಗಿ, ಇದನ್ನು ಏನು ಮಾಡಲಿ ಎಂದು ಚಕ್ರವರ್ತಿ ನೆರ್ವಾನಿಗೆ ಬರೆದು ಕೇಳಿದ. ಸಿಕ್ಕಿದ್ದನ್ನು ಬಳಸಿಕೋ ಎಂದು ಉತ್ತರ ಬಂತು. ನನ್ನ ಯೋಗ್ಯತೆಗೆ ಮೀರಿದ್ದು ಎಂದು ಅವನು ಮತ್ತೆ ಬರೆದ. ಹಾಗಾದರೆ ದುರುಪಯೋಗವನ್ನಾದರೂ ಮಾಡಿಕೋ, ಅದು ನಿನ್ನದೇ ಎಂದು ಚಕ್ರವರ್ತಿ ತಿಳಿಸಿದನಂತೆ. ಹೀಗೆ ಒಂದು ರಂಗಮಂದಿರದ ನೆರಳಿನಲ್ಲಿ ಸಿಕ್ಕ ಹಣ ಮುಂದೆ ಇನ್ನೊಂದು ರಂಗಮಂದಿರವಾಗಿ ಎದ್ದು ನಿಂತಿತು.

ಆ ಹಳೆಯ ರಂಗಮಂದಿರದ ವಿಷಯ ಸ್ವಲ್ಪ ಹೇಳಬೇಕು. ಅದು ಡಯೊನೈಸಸ್ ದೇವರ ರಂಗಮಂದಿರ. ಅಕ್ರೋಪೊಲಿಸ್‌ನ ದಕ್ಷಿಣದ ಇಳಿಜಾರಿನಲ್ಲಿ, ಹೆರೋಡಿಸ್ ಕಟ್ಟಿಸಿದ್ದಕ್ಕೆ ಸ್ವಲ್ಪ ದೂರದಲ್ಲೇ ಇದೆ. ಸಾಫೊಕ್ಲಿಸ್, ಯೂರಿಪಿಡಿಸ್ ಮುಂತಾದವರ ನಾಟಕಗಳು ಕ್ರಿ.ಪೂ. 5ನೇ ಶತಮಾನದಲ್ಲಿ ಮೊದಲು ಆಡಿದ್ದು ಅಲ್ಲೇ. ಆಗ ಕೂರಲು ಇದ್ದದ್ದು ಮರದ ಹಲಗೆಗಳು. ನೂರು ವರ್ಷದ ಮೇಲೆ, ಲೈಕರ್ಗಸ್ ಎಂಬವನು ಅಥೆನ್ಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಅದು ಕಲ್ಲಿನ ರಂಗಮಂದಿರವಾಯಿತು.

ನಮ್ಮೂರಿನ ಬಯಲಾಟ ನೋಡಿ ಬೆಳೆದವರಿಗೆ ಗ್ರೀಕರ ರಂಗಮಂದಿರ ಅರ್ಥವಾಗುವುದು ಕಷ್ಟವಲ್ಲ. ಅವರದೂ ಬಯಲೇ. ಮೊದಲು ಗುಡ್ಡದ ಓರೆ ಹುಡುಕುತ್ತಿದ್ದರು. ಮಣ್ಣು ಹೊತ್ತು ಎತ್ತರ ಮಾಡುವ ಕೆಲಸವನ್ನು ಗುಡ್ಡವೇ ಮಾಡಿಕೊಡುತ್ತಿತ್ತು. ಆ ಓರೆಯಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ ಮೆಟ್ಟಿಲುಗಳನ್ನು ಕೂರಿಸುತ್ತಿದ್ದರು. ಅದು ಥಿಯೇಟ್ರಾನ್, ಎಂದರೆ ನೋಡುವ ಜಾಗ. ಇವತ್ತಿನ ಥಿಯೇಟರ್ ಎಂಬ ಮಾತು ಬಂದದ್ದು ಅದರಿಂದ. ಕೆಳಗೆ ದುಂಡಗಿನ ಸಮತಟ್ಟು ನೆಲ, ಆರ್ಕೆಸ್ಟ್ರಾ. ನಮಗೆ ಆರ್ಕೆಸ್ಟ್ರಾ ಎಂದರೆ ವಾದ್ಯದವರ ಗುಂಪು. ಅವರಿಗೆ ಅದು ಕುಣಿಯುವ ಜಾಗ. ಹಾಡುತ್ತ ಕುಣಿಯುವ ಮೇಳದವರು ಅಲ್ಲಿ ನಿಲ್ಲುತ್ತಿದ್ದರು. ಅದರ ಹಿಂದೆ ಸ್ಕೀನಿ. ಆ ಮಾತಿಗೆ ಮೂಲ ಅರ್ಥ ಡೇರೆ. ನಮ್ಮ ಚೌಕಿಯ ಹಾಗೆ ವೇಷಧಾರಿಗಳು ಬಟ್ಟೆ ಬದಲಿಸುತ್ತಿದ್ದ ಜಾಗ. ಕ್ರಮೇಣ ಅದು ಮರದ ಮನೆಯಾಗಿ, ಕಲ್ಲಿನ ಮನೆಯಾಗಿ, ನಾಟಕದ ಅರಮನೆಯೋ ದೇವಸ್ಥಾನವೋ ಆಗಿ ಕಾಣಿಸಿಕೊಂಡಿತು. ಮೆಟ್ಟಿಲುಗಳಿಗೂ ಈ ಮನೆಗೂ ನಡುವೆ ಎರಡು ಬದಿಯಲ್ಲಿ ತೆರೆದ ದಾರಿ ಬಿಡುತ್ತಿದ್ದರು. ಮೇಳ ಒಳಗೆ ಬರುತ್ತಿದ್ದದ್ದು ಆ ದಾರಿಯಲ್ಲೇ. ಮೇಲೆ ಛಾವಣಿ ಇಲ್ಲ. ಹಿಂದೆ ಹೊಲ, ಗುಡ್ಡ, ಆಕಾಶ.

ಎಪಿಡಾರಸ್ ಎಂಬಲ್ಲಿ ಇಂಥ ರಂಗಮಂದಿರ ಇಂದಿಗೂ ಬಹುತೇಕ ಇದ್ದ ಹಾಗೇ ಉಳಿದಿದೆ. 55 ಸಾಲು ಮೆಟ್ಟಿಲು, ಹದಿಮೂರು ಹದಿನಾಲ್ಕು ಸಾವಿರ ಜನ ಕೂರಬಹುದು. ನಡುವಿನಲ್ಲಿ ನಿಂತು ಆಡಿದ ಮಾತು ಮೇಲಿನ ಸಾಲಿನವರೆಗೆ ಕೇಳಿಸುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ಆ ಓರೆ ಮತ್ತು ಆ ಕಲ್ಲು ಮೈಕಿನ ಕೆಲಸ ಮಾಡುತ್ತಿದ್ದವು.

ಇನ್ನೊಂದು ವಿಷಯವನ್ನೂ ಹೆಂಗಸರಾದ ನಾವು ಗಮನಿಸಬೇಕು. ಆಂಟಿಗೊನೆ, ಮೀಡಿಯಾರಂಥ ದೊಡ್ಡ ದೊಡ್ಡ ಹೆಣ್ಣು ಪಾತ್ರಗಳು ಆ ರಂಗದ ಮೇಲೆ ಬಂದವು. ಆದರೆ ಅವನ್ನೆಲ್ಲ ಮುಖವಾಡ ಹಾಕಿಕೊಂಡು ಆಡಿದವರು ಗಂಡಸರು. ನಮ್ಮ ಬಯಲಾಟದಲ್ಲೂ ಸ್ತ್ರೀವೇಷ ಗಂಡಸರದೇ ಆಗಿತ್ತಲ್ಲ, ಹಾಗೆ.

ಹೆರೋಡಿಸ್ ಬೆಳೆದದ್ದು ಇಂಥ ಊರಿನಲ್ಲಿ, ಕೊಳೆಯುವಷ್ಟು ಹಣವಿದ್ದ ಮನೆಯಲ್ಲಿ. ಅವನ ನಿಜವಾದ ಆಸೆ ಮಾತುಗಾರನಾಗಬೇಕು ಎಂಬುದು. ಸಿದ್ಧತೆಯಿಲ್ಲದೆ ನಿಂತಲ್ಲೇ ಭಾಷಣ ಮಾಡುವ ವಿದ್ಯೆಗೆ ಆ ಕಾಲದಲ್ಲಿ ಇಂದಿನ ಸಿನಿಮಾ ನಟರಿಗಿರುವಷ್ಟು ಮರ್ಯಾದೆ ಇತ್ತು. ಅದರಲ್ಲಿ ಅವನು ತನ್ನ ಕಾಲದ ದೊಡ್ಡ ಹೆಸರಾದ. ಮುಂದೆ ಚಕ್ರವರ್ತಿಯಾದ ಮಾರ್ಕಸ್ ಅರೇಲಿಯಸ್‌ಗೆ ಗ್ರೀಕ್ ಭಾಷಣಕಲೆ ಕಲಿಸಿದ ಗುರು ಇವನೇ. 143ರಲ್ಲಿ ರೋಮ್‌ನ ಕಾನ್ಸುಲ್ ಪದವಿಯೂ ಸಿಕ್ಕಿತು.

ಕೈ ಮಾತ್ರ ದೊಡ್ಡದು. ಟ್ರೋಯ್ ಪ್ರಾಂತದ ಒಂದು ಊರಿಗೆ ನೀರು ತರಿಸುವ ಕೆಲಸ ವಹಿಸಿಕೊಂಡಾಗ ಚಕ್ರವರ್ತಿ ಹೇಡ್ರಿಯನ್ 30 ಲಕ್ಷ ದ್ರಾಕ್ಮಾ ಮಂಜೂರು ಮಾಡಿದ್ದ. ಖರ್ಚು 70 ಲಕ್ಷಕ್ಕೆ ಏರಿತು. ದೂರು ಹೋದಾಗ ಹೆಚ್ಚಾದದ್ದನ್ನು ತಂದೆ ಅಟ್ಟಿಕಸ್ ತಾನೇ ಕೊಟ್ಟ.

ತಂದೆ ತೀರಿಕೊಂಡಾಗ ಅಥೆನ್ಸ್‌ನ ಜನ ಹೆರೋಡಿಸ್‌ನ ಇನ್ನೊಂದು ಮುಖ ಕಂಡರು. ಊರಿನ ಪ್ರತಿಯೊಬ್ಬ ನಾಗರಿಕನಿಗೂ ವರ್ಷಕ್ಕೆ ಒಂದು ಮಿನಾ ಹಣ ಕೊಡಬೇಕು ಎಂದು ಅಟ್ಟಿಕಸ್ ಉಯಿಲು ಬರೆದಿಟ್ಟಿದ್ದ. ಮಗ ಜನರನ್ನು ಕರೆದು, ವರ್ಷ ವರ್ಷ ಬೇಡ, ಒಂದೇ ಸಲಕ್ಕೆ ಐದು ಮಿನಾ ಕೊಡುತ್ತೇನೆ ಎಂದು ಒಪ್ಪಿಸಿದ. ಹಣ ತೆಗೆದುಕೊಳ್ಳಲು ಬಂದವರ ಮುಂದೆ ಹಳೆಯ ಲೆಕ್ಕದ ಕಾಗದ ಬಿಚ್ಚಿದರು. ನಿನ್ನ ಅಪ್ಪ ಇಷ್ಟು ಸಾಲ ಮಾಡಿದ್ದ, ನಿನ್ನ ತಾತ ಇಷ್ಟು ಬಾಕಿ ಇಟ್ಟಿದ್ದ ಎಂದು ಎಲ್ಲ ಕಳೆದು ನೋಡಿದರೆ ಕೆಲವರಿಗೆ ಸಿಕ್ಕಿದ್ದು ಚೂರುಪಾರು, ಕೆಲವರಿಗೆ ಏನೂ ಇಲ್ಲ, ಇನ್ನು ಕೆಲವರೇ ಅವನಿಗೆ ಕೊಡಬೇಕಾಗಿ ಬಂತು. ಆ ಸಿಟ್ಟು ಊರಿಗೆ ಕೊನೆಯವರೆಗೂ ಹೋಗಲಿಲ್ಲ. ಅವನು ಕ್ರೀಡಾಂಗಣವನ್ನು ಬಿಳಿಯ ಪೆಂಟೆಲಿ ಅಮೃತಶಿಲೆಯಲ್ಲಿ ನಾಲ್ಕೇ ವರ್ಷದಲ್ಲಿ ಕಟ್ಟಿಸಿಕೊಟ್ಟಾಗಲೂ, ಎಲ್ಲ ಅಥೆನ್ಸಿಗರದು ಎಂಬ ಅರ್ಥದ ಅದರ ಹೆಸರು ಸರಿಯಾಗಿಯೇ ಇದೆ, ಏಕೆಂದರೆ ಎಲ್ಲ ಅಥೆನ್ಸಿಗರಿಂದ ಕಿತ್ತ ಹಣದಲ್ಲಿ ಕಟ್ಟಿದ್ದು ಎಂದು ಜನ ಆಡಿಕೊಂಡರು. 1896ರಲ್ಲಿ ಆಧುನಿಕ ಒಲಿಂಪಿಕ್ಸ್ ಮೊದಲ ಬಾರಿ ನಡೆದದ್ದು ಅದೇ ಜಾಗದಲ್ಲಿ.

ಈಗ ರೆಜಿಲ್ಲಾಳ ವಿಷಯ. ಅವಳು ರೋಮ್‌ನ ತೀರ ಮೇಲಿನ ಮನೆತನದ ಹುಡುಗಿ, ರಾಣಿ ಫೌಸ್ಟಿನಾಳ ಬಂಧು. ಹುಟ್ಟಿದ್ದು 125ರ ಸುಮಾರಿಗೆ. ಹದಿಹರೆಯದಲ್ಲಿ ಮದುವೆಯಾಯಿತು. ಗಂಡ ಅವಳಿಗಿಂತ ಇಪ್ಪತ್ತನಾಲ್ಕು ಇಪ್ಪತ್ತೈದು ವರ್ಷ ದೊಡ್ಡವನು. ಅವಳ ಮಾತು ಲ್ಯಾಟಿನ್, ಅವನ ಊರಿನ ಮಾತು ಗ್ರೀಕ್. ತವರು ಬಿಟ್ಟು, ಸಮುದ್ರ ದಾಟಿ, ಅವಳು ಗಂಡನ ಊರಿಗೆ ಬಂದಳು. ಮದುವೆಯಾಗಿ ಬೇರೆ ಭಾಷೆಯ ಊರಿಗೆ ಬಂದ ನಮಗೆ ಅದು ಏನೆಂದು ಯಾರೂ ವಿವರಿಸಬೇಕಾಗಿಲ್ಲ.

ಬಂದವಳು ಸುಮ್ಮನೆ ಒಳಮನೆಯಲ್ಲಿ ಉಳಿಯಲಿಲ್ಲ. ಅಥೆನ್ಸ್‌ನಲ್ಲಿ ಟೀಕಿ ಎಂಬ ಭಾಗ್ಯದೇವತೆಯ ಮೊದಲ ಅರ್ಚಕಿಯಾದಳು. 153ರಲ್ಲಿ ಒಲಿಂಪಿಯಾದಲ್ಲಿ ಡಿಮೀಟರ್ ದೇವಿಯ ಅರ್ಚಕಿಯಾದಳು. ಇದು ಸಣ್ಣ ಗೌರವವಲ್ಲ. ಒಲಿಂಪಿಕ್ ಆಟಗಳನ್ನು ಮದುವೆಯಾದ ಹೆಂಗಸರು ನೋಡುವ ಹಾಗೇ ಇರಲಿಲ್ಲ. ನೋಡಿ ಸಿಕ್ಕಿಬಿದ್ದರೆ ಬೆಟ್ಟದಿಂದ ತಳ್ಳಬೇಕೆಂಬ ಕಾನೂನು. ಆ ಕಾನೂನಿಗೆ ಹೊರತಾದವಳು ಒಬ್ಬಳೇ, ಡಿಮೀಟರ್ ದೇವಿಯ ಅರ್ಚಕಿ. ತೀರ್ಪುಗಾರರ ಎದುರು ಬಿಳಿಯ ಕಲ್ಲಿನ ಪೀಠದ ಮೇಲೆ ಅವಳು ಕೂರುತ್ತಿದ್ದಳು. ಸಾವಿರಾರು ಗಂಡಸರ ನಡುವೆ ಅಲ್ಲಿ ಕುಳಿತ ರೆಜಿಲ್ಲಾಳನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ.

ಒಲಿಂಪಿಯಾಕ್ಕೆ ಅವಳಿಂದ ನೀರೂ ಬಂತು. ಆಟಗಳು ಶುರುವಾಗಿ ಒಂಬತ್ತು ಶತಮಾನ ಕಳೆದಿದ್ದರೂ ಕಡು ಬೇಸಿಗೆಯಲ್ಲಿ ಸೇರುತ್ತಿದ್ದ ಜನಕ್ಕೆ ಕುಡಿಯುವ ನೀರಿನ ಸರಿಯಾದ ವ್ಯವಸ್ಥೆ ಇರಲಿಲ್ಲ. ಹೆರೋಡಿಸ್‌ನ ಕುಟುಂಬ ನೀರು ಹಾಯಿಸಿ, ಮೂರ್ತಿಗಳ ಸಾಲಿದ್ದ ದೊಡ್ಡ ಕಾರಂಜಿ ಮಂಟಪ ಕಟ್ಟಿಸಿತು. ಅದರ ಮುಂದಿದ್ದ ಅಮೃತಶಿಲೆಯ ಗೂಳಿಯ ಮೈಮೇಲೆ, ಡಿಮೀಟರ್ ದೇವಿಯ ಅರ್ಚಕಿ ರೆಜಿಲ್ಲಾ ಈ ನೀರನ್ನೂ ನೀರಿಗೆ ಸಂಬಂಧಿಸಿದ್ದನ್ನೂ ಜ್ಯೂಸ್ ದೇವರಿಗೆ ಅರ್ಪಿಸಿದಳು ಎಂಬ ಅರ್ಥದ ಬರಹವಿದೆ. ಗಂಡನ ಹೆಸರು ಅದರಲ್ಲಿ ಇಲ್ಲ. ಆ ಗೂಳಿ ಇಂದಿಗೂ ಒಲಿಂಪಿಯಾದ ವಸ್ತುಸಂಗ್ರಹಾಲಯದಲ್ಲಿದೆ. ನೀರು ತಂದದ್ದನ್ನೂ ಬೈದವರಿದ್ದರು. ಪೆರಿಗ್ರೈನಸ್ ಎಂಬ ಸಂನ್ಯಾಸಿ, ಇದರಿಂದ ಗ್ರೀಕರು ಮೆತ್ತಗಾಗುತ್ತಾರೆ ಎಂದು ಕೂಗಾಡಿದ, ಆ ನೀರನ್ನೇ ಕುಡಿಯುತ್ತ. ಜನ ಅವನಿಗೆ ಕಲ್ಲು ಹೊಡೆಯಲು ಹೋದರಂತೆ.

ಮಾರಥಾನ್‌ನ ತೋಟದ ಮನೆಗೆ ಹೆರೋಡಿಸ್ ಒಂದು ಕಲ್ಲಿನ ಹೆಬ್ಬಾಗಿಲು ಮಾಡಿಸಿದ್ದ. ಅದಕ್ಕೆ ಚಿರ ಸಾಮರಸ್ಯದ ಬಾಗಿಲು ಎಂದು ಹೆಸರು. ಒಂದು ಮುಖದಲ್ಲಿ ಇದು ಹೆರೋಡಿಸ್‌ನ ಜಾಗ ಎಂದೂ ಇನ್ನೊಂದು ಮುಖದಲ್ಲಿ ಇದು ರೆಜಿಲ್ಲಾಳ ಜಾಗ ಎಂದೂ ಕೆತ್ತಿಸಿದ್ದ. ಹುಟ್ಟಿದ ಮಕ್ಕಳಲ್ಲಿ ಮೊದಲನೆಯದು ಎಳೆಯದರಲ್ಲೇ ಹೋಯಿತು. ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು ಉಳಿದರು.

160ರಲ್ಲಿ ರೆಜಿಲ್ಲಾಗೆ ಸುಮಾರು ಮೂವತ್ತೈದು ವರ್ಷ. ಮತ್ತೆ ಬಸುರಿ, ಎಂಟನೆಯ ತಿಂಗಳು. ಯಾವುದೋ ಸಣ್ಣ ಕಾರಣಕ್ಕೆ ಹೆರೋಡಿಸ್ ಅವಳಿಗೆ ಹೊಡೆಯುವಂತೆ ಆಲ್ಕಿಮೆಡಾನ್ ಎಂಬ ತನ್ನ ಆಳಿಗೆ ಹೇಳಿದ, ಹೊಟ್ಟೆಗೆ ಏಟು ಬಿದ್ದು, ದಿನ ತುಂಬದ ಹೆರಿಗೆಯಾಗಿ ಅವಳು ಸತ್ತಳು. ಇದು ಅವಳ ಅಣ್ಣ ಬ್ರಾಡುವಾ ರೋಮ್‌ನ ಸೆನೆಟ್ ಮುಂದೆ ಹೊರಿಸಿದ ಆಪಾದನೆ. ಈ ವಿವರ ನಮಗೆ ತಿಳಿದಿರುವುದು ಫಿಲೊಸ್ಟ್ರಾಟಸ್ ಬರೆದ ಹೆರೋಡಿಸ್‌ನ ಜೀವನಕಥೆಯಿಂದ. ಅವನು ಬರೆದದ್ದು ಹಲವು ದಶಕಗಳ ಮೇಲೆ, ಮತ್ತು ಅವನಿಗೆ ಹೆರೋಡಿಸ್ ಮೇಲೆ ಅಭಿಮಾನ.

ವಿಚಾರಣೆಯಲ್ಲಿ ಬ್ರಾಡುವಾ ತಂಗಿಯ ಸಾವಿನ ಸಾಕ್ಷ್ಯಕ್ಕಿಂತ ಹೆಚ್ಚಾಗಿ ತನ್ನ ವಂಶದ ಹಿರಿಮೆ ಹೇಳಿಕೊಂಡನಂತೆ. ರೋಮ್‌ನ ಕುಲೀನರು ಪಾದರಕ್ಷೆಯ ಮೇಲೆ ದಂತದ ಅರ್ಧಚಂದ್ರ ಧರಿಸುತ್ತಿದ್ದರು. ಇವರ ಕುಲೀನತೆ ಕಾಲಿನ ಗೆಣ್ಣಿನಲ್ಲಿದೆ ಎಂದು ಹೆರೋಡಿಸ್ ಗೇಲಿ ಮಾಡಿದ. ನಾನು ಅಂಥ ಆಜ್ಞೆ ಕೊಡಲಿಲ್ಲ, ಅವಳಿಗಾಗಿ ನಾನು ಪಡುತ್ತಿರುವ ದುಃಖವೇ ಅದಕ್ಕೆ ಸಾಕ್ಷಿ ಎಂಬುದು ಅವನ ವಾದ. ಅವನು ಬಿಡುಗಡೆಯಾದ. ಒಬ್ಬ ಹೆಂಗಸಿನ ಸಾವಿನ ವಿಚಾರಣೆ ಇಬ್ಬರು ಗಂಡಸರ ಮಾತಿನ ಪಂದ್ಯವಾಗಿ ಮುಗಿಯಿತು. ಆಲ್ಕಿಮೆಡಾನ್‌ಗೂ ಶಿಕ್ಷೆ ಆಗಲಿಲ್ಲ. ಅವನು ಹೆರೋಡಿಸ್‌ನ ಮನೆಯಲ್ಲೇ ಉಳಿದ. ಅವನ ಅವಳಿ ಹೆಣ್ಣುಮಕ್ಕಳನ್ನು ಹೆರೋಡಿಸ್ ಸ್ವಂತ ಮಕ್ಕಳ ಹಾಗೆ ಅಕ್ಕರೆಯಿಂದ ಸಾಕಿದ. ಓದುವಾಗ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಈ ಸಂಗತಿ.

ದುಃಖವನ್ನಂತೂ ಅವನು ಊರಿಗೆಲ್ಲ ಕಾಣುವ ಹಾಗೆ ಆಚರಿಸಿದ. ಅವಳ ಒಡವೆ ಉಡುಪುಗಳನ್ನು ಎಲ್ಯೂಸಿಸ್‌ನ ದೇವಿಗೆ ಒಪ್ಪಿಸಿದ. ಮನೆಯ ಬಣ್ಣದ ಅಲಂಕಾರ ತೆಗೆಸಿ ಕಪ್ಪು ಪರದೆ, ಕಪ್ಪು ಬಣ್ಣ, ಲೆಸ್ಬೋಸ್ ದ್ವೀಪದ ಕಪ್ಪುಗಲ್ಲು ಹಾಕಿಸಿದ. ಲೂಸಿಯಸ್ ಎಂಬ ತತ್ತ್ವಜ್ಞಾನಿ ಗೆಳೆಯ ಬುದ್ಧಿ ಹೇಳಿ ಸೋತ. ಒಂದು ದಿನ ಆಳುಗಳು ಮೂಲಂಗಿ ತೊಳೆಯುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಯಾರ ಊಟಕ್ಕೆ ಎಂದು ಕೇಳಿದ. ಯಜಮಾನರಿಗೆ ಎಂದರು. ಕಪ್ಪು ಮನೆಯಲ್ಲಿ ಬಿಳಿಯ ಮೂಲಂಗಿ ತಿಂದರೆ ರೆಜಿಲ್ಲಾಗೆ ಅವಮಾನವಲ್ಲವೇ ಎಂದು ಹೇಳಿ ಹೊರಟ. ಆ ಮಾತು ಹೆರೋಡಿಸ್‌ನ ಕಿವಿಗೆ ಬಿದ್ದದ್ದೇ ಕಪ್ಪನ್ನೆಲ್ಲ ತೆಗೆಸಿದ, ಜನ ನಗಬಾರದೆಂದು.

ಇಷ್ಟಾದ ಮೇಲೆ ಎದ್ದದ್ದು ನಾನು ಮೇಲಿಂದ ನೋಡಿದ ಆ ರಂಗಮಂದಿರ. 161ರ ಸುಮಾರಿಗೆ ಶುರುವಾಗಿ 174ರ ಒಳಗೆ ಮುಗಿಯಿತು. ಪೌಸಾನಿಯಸ್ ಎಂಬ ಪ್ರವಾಸಿ ಅಥೆನ್ಸ್ ವರ್ಣಿಸುವ ಮೊದಲ ಭಾಗ ಬರೆದಾಗ ಅದರ ಕೆಲಸವೇ ಶುರುವಾಗಿರಲಿಲ್ಲ. ಮುಂದೆ ಬೇರೆ ಊರಿನ ಭಾಗ ಬರೆಯುತ್ತ ಅವನು ಅದನ್ನು ನೆನೆದು, ಗ್ರೀಕರ ನಾಡಿನಲ್ಲಿ ಇಂಥದು ಇನ್ನೊಂದಿಲ್ಲ ಎಂದು ಸೇರಿಸಿದ.

ಅದನ್ನು ಓಡಿಯಾನ್ ಎನ್ನುತ್ತಾರೆ, ಎಂದರೆ ಹಾಡಿನ ಮನೆ, ಸಂಗೀತಕ್ಕೆಂದು ಕಟ್ಟಿದ ಮಂದಿರ. ಹಳೆಯ ಗ್ರೀಕ್ ರಂಗಮಂದಿರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮೇಲಿನ ದಾರಿಯಲ್ಲಿ ನಿಂತರೆ ತಾನಾಗಿ ತಿಳಿಯುತ್ತದೆ. ಮೆಟ್ಟಿಲುಗಳು ಗ್ರೀಕರ ಪದ್ಧತಿಯಲ್ಲಿ ಗುಡ್ಡಕ್ಕೇ ಒರಗಿವೆ. ಆದರೆ ಉಳಿದದ್ದು ರೋಮನ್ನರ ರೀತಿ. ಕುಣಿಯುವ ನೆಲ ಪೂರ್ತಿ ದುಂಡಗಿಲ್ಲ, ಅರ್ಧವೃತ್ತಕ್ಕೆ ಇಳಿದಿದೆ. ಎರಡು ಬದಿಯ ತೆರೆದ ದಾರಿಗಳು ಮುಚ್ಚಿ, ಮೆಟ್ಟಿಲುಗಳೂ ವೇದಿಕೆಯ ಕಟ್ಟಡವೂ ಒಂದಕ್ಕೊಂದು ಬೆಸೆದುಕೊಂಡಿವೆ. ವೇದಿಕೆಯ ಹಿಂದೆ ಹೊಲ ಗುಡ್ಡ ಕಾಣುವುದಿಲ್ಲ. ಮೂರು ಅಂತಸ್ತಿನ ಗೋಡೆ ಎದ್ದು ನಿಂತಿದೆ, ಕೆಲವೆಡೆ ಇಂದಿಗೂ 28 ಮೀಟರ್ ಎತ್ತರ ಉಳಿದಿದೆ. ಅದರ ತುಂಬ ಕಮಾನು, ಮೂರ್ತಿ ನಿಲ್ಲಿಸುವ ಗೂಡುಗಳು. ಸುಮಾರು 76 ಮೀಟರ್ ಅಗಲದ ಆ ಅರ್ಧಚಂದ್ರದಲ್ಲಿ ಐದು ಸಾವಿರ ಜನ ಕೂರಬಹುದು. ಇಷ್ಟಕ್ಕೂ ಮೇಲೆ ದೇವದಾರು ಜಾತಿಯ ಸೀಡರ್ ಮರದ ಛಾವಣಿ ಹೊದಿಸಿದ್ದ. ಮೂರ್ತಿ ಕೆತ್ತಲು ಬಳಸುವ ಬೆಲೆಬಾಳುವ ಮರವನ್ನು ಛಾವಣಿಗೆ ಹಾಕಿದ್ದನ್ನು ಆ ಕಾಲದವರೇ ಬಾಯಿಬಿಟ್ಟು ನೋಡಿದರು.

ಬಯಲಿನಲ್ಲಿ ದನಿ ತಾನಾಗಿ ಹೊರಗೆ ಹರಿದುಹೋಗುತ್ತದೆ. ಇಲ್ಲಿ ಎತ್ತರದ ಗೋಡೆಯೂ ಛಾವಣಿಯೂ ಸೇರಿ ದನಿಯನ್ನು ಒಳಗೇ ಹಿಡಿದಿಡುತ್ತವೆ. ಸಂಗೀತಕ್ಕೆ ಅದು ಒಳ್ಳೆಯದೇ. ಆದರೆ ಅವಳ ಕಥೆ ತಿಳಿದ ಮೇಲೆ ಆ ಮುಚ್ಚಿದ ಗೋಡೆಗಳನ್ನು ನೆನೆದಾಗಲೆಲ್ಲ ನನಗೆ ಬೇರೆಯೇ ಒಂದು ಯೋಚನೆ ಬರುತ್ತದೆ. ಆ ಮನೆಯೊಳಗೆ ಅವತ್ತು ಅವಳು ಕೂಗಿದ್ದು ಯಾರಿಗೆ ಕೇಳಿಸಿತೋ.

ಹೆರೋಡಿಸ್‌ನ ಕೊನೆಯ ವರ್ಷಗಳು ಸುಖವಾಗಿರಲಿಲ್ಲ. ಹೆಣ್ಣುಮಕ್ಕಳಿಬ್ಬರೂ ತೀರಿಹೋದರು. ಕಿರಿಯ ಮಗನೂ ಉಳಿಯಲಿಲ್ಲ. ಸಾಕಿದ ಹುಡುಗರೂ ಚಿಕ್ಕ ವಯಸ್ಸಿನಲ್ಲಿ ಸತ್ತರು. ಅವರ ಮೂರ್ತಿಗಳನ್ನು ಕಾಡು ತೋಟಗಳಲ್ಲೆಲ್ಲ ನಿಲ್ಲಿಸಿ, ಮುಟ್ಟಿದವರಿಗೆ ಶಾಪ ಕೆತ್ತಿಸಿದ. ಉಳಿದ ಒಬ್ಬನೇ ಮಗನಿಗೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಅವನ ಜೊತೆ ಆಡಲು 24 ಹುಡುಗರನ್ನು ಗೊತ್ತುಮಾಡಿ, ಗ್ರೀಕ್ ಭಾಷೆಯ 24 ಅಕ್ಷರಗಳನ್ನು ಅವರಿಗೆ ಹೆಸರಾಗಿ ಇಟ್ಟ, ಕೂಗಿ ಕರೆಯುತ್ತಲಾದರೂ ಕಲಿಯಲಿ ಎಂದು.

ಅಥೆನ್ಸ್‌ನವರ ಜೊತೆಗಿನ ಜಗಳ 174ರ ಸುಮಾರಿಗೆ ಚಕ್ರವರ್ತಿಯ ತನಕ ಹೋಯಿತು. ಮಾರ್ಕಸ್ ಅರೇಲಿಯಸ್ ಆಗ ಯುದ್ಧಭೂಮಿಯ ಹತ್ತಿರ ಸಿರ್ಮಿಯಂ ಎಂಬಲ್ಲಿದ್ದ. ವಿಚಾರಣೆಗೆಂದು ಹೋದಾಗ ಆಲ್ಕಿಮೆಡಾನ್‌ನ ಆ ಅವಳಿ ಹೆಣ್ಣುಮಕ್ಕಳೂ ಜೊತೆಗಿದ್ದರು. ರಾತ್ರಿ ಮಲಗಿದ್ದಲ್ಲಿ ಸಿಡಿಲು ಬಡಿದು ಇಬ್ಬರೂ ಸತ್ತರು. ಹೆರೋಡಿಸ್ ಬುದ್ಧಿ ಕೆಟ್ಟವನಂತೆ ಚಕ್ರವರ್ತಿಯ ಮುಂದೆಯೇ ಬಾಯಿಗೆ ಬಂದದ್ದು ಮಾತಾಡಿದ. ಚಕ್ರವರ್ತಿ ಹಳೆಯ ಗುರುವನ್ನು ಬಿಟ್ಟು ಅವನ ಆಳುಗಳಿಗೆ ಮಾತ್ರ ಹಗುರ ಶಿಕ್ಷೆ ಕೊಟ್ಟ. ಆಲ್ಕಿಮೆಡಾನ್‌ಗೆ ಮಕ್ಕಳನ್ನು ಕಳೆದುಕೊಂಡದ್ದೇ ಸಾಕು ಎಂದು ಅದನ್ನೂ ಮನ್ನಿಸಿದ. ತನ್ನ ಬಸಿರ ಕೂಸಿನ ಜೊತೆ ಸತ್ತ ರೆಜಿಲ್ಲಾಳನ್ನು ಆ ದಿನ ಯಾರಾದರೂ ನೆನೆದರೋ ಇಲ್ಲವೋ.

177ರ ಸುಮಾರಿಗೆ, ಎಪ್ಪತ್ತಾರರ ವಯಸ್ಸಿನಲ್ಲಿ, ಹೆರೋಡಿಸ್ ತೀರಿಕೊಂಡ. ತನ್ನನ್ನು ಮಾರಥಾನ್‌ನಲ್ಲೇ ಹೂಳಬೇಕೆಂದು ಹೇಳಿದ್ದ. ಆದರೆ ಅಥೆನ್ಸ್‌ನ ತರುಣರು ಹೋಗಿ ಅವನ ದೇಹವನ್ನು ಹೊತ್ತು ತಂದು, ಅವನೇ ಕಟ್ಟಿಸಿದ ಕ್ರೀಡಾಂಗಣದ ಬಳಿ ಸಮಾಧಿ ಮಾಡಿದರು. ಬೈದ ಊರೇ ಕಡೆಗೆ ಅತ್ತಿತು.

ಛಾವಣಿ ಬಹಳ ಕಾಲ ಉಳಿಯಲಿಲ್ಲ. 267ರಲ್ಲಿ ಹೆರುಲಿ ಎಂಬ ಜನ ಅಥೆನ್ಸ್ ಮೇಲೆ ದಾಳಿ ಮಾಡಿದಾಗ ಸುಟ್ಟುಹೋಯಿತು. ಎತ್ತರದ ಗೋಡೆ ಮುಂದೆ ಕೋಟೆಯ ಗೋಡೆಯಾಗಿ ಬಳಕೆಯಾಯಿತು. ಮೆಟ್ಟಿಲುಗಳು ಶತಮಾನಗಟ್ಟಲೆ ಮಣ್ಣಿನಡಿ ಇದ್ದವು. 19ನೇ ಶತಮಾನದ ನಡುವಿನಲ್ಲಿ ಮಣ್ಣು ತೆಗೆದರು. 1950ರ ದಶಕದಲ್ಲಿ ಹೊಸ ಪೆಂಟೆಲಿ ಅಮೃತಶಿಲೆ ಹಾಕಿ ಆಸನಗಳನ್ನು ಸರಿಪಡಿಸಿದರು. 1955ರಲ್ಲಿ ಅಥೆನ್ಸ್ ಉತ್ಸವ ಶುರುವಾಯಿತು. 1957ರಲ್ಲಿ ಮರಿಯಾ ಕಲ್ಲಾಸ್ ಎಂಬ ಹೆಸರಾಂತ ಗಾಯಕಿ ಅಲ್ಲಿ ಹಾಡಿದರು. ಸತ್ತ ಹೆಂಗಸಿನ ಹೆಸರಿನ ಮನೆಯಲ್ಲಿ, ಮುಖವಾಡವಿಲ್ಲದೆ, ಒಬ್ಬ ಹೆಂಗಸು ನಿಂತು ಹಾಡಿದ್ದು ನನಗೆ ಇಷ್ಟವಾದ ಸಂಗತಿ.

ನಮ್ಮ ಯಾನಿ 1993ರಲ್ಲಿ ಅಲ್ಲಿ ಬಾರಿಸಿದರು. 1997ರಲ್ಲಿ ಅವರು ಭಾರತಕ್ಕೆ ಬಂದು ತಾಜ್ ಮಹಲಿನ ಎದುರು ಕಛೇರಿ ಮಾಡಿದ್ದು ನಿಮಗೂ ನೆನಪಿರಬಹುದು. ಎರಡೂ ಗಂಡಂದಿರು ಹೆಂಡತಿಯ ನೆನಪಿಗೆ ಕಟ್ಟಿಸಿದವು. ಮುಮ್ತಾಜ್ ಸತ್ತದ್ದು 1631ರಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ. ಷಹಜಹಾನನ ಮೇಲೆ ಹೆರೋಡಿಸ್‌ನ ಮೇಲಿದ್ದಂಥ ಆಪಾದನೆ ಇಲ್ಲ. ಆದರೂ ಎರಡು ಕಟ್ಟಡಗಳ ಅಡಿಯಲ್ಲೂ ಇರುವುದು ಹೆರಿಗೆಯಲ್ಲಿ ಹೋದ ಒಬ್ಬ ಹೆಂಗಸು. ಕ್ಯಾಸೆಟ್ ನೋಡುತ್ತಿದ್ದ ದಿನಗಳಲ್ಲಿ ಇದು ನನಗೆ ಹೊಳೆದಿರಲೇ ಇಲ್ಲ.

ಈಗ ದೊಡ್ಡಮ್ಮನ ಮಾತು. ನಮ್ಮ ದೊಡ್ಡಪ್ಪ ಕೆಟ್ಟವರಲ್ಲ. ಕೈ ಎತ್ತಿದವರೂ ಅಲ್ಲ. ಆದರೆ ಮನೆಯ ಹೆಂಗಸರು ಆಟ ನೋಡಲು ಹೋಗುವುದು ಅವರಿಗೆ ಸರಿಬರುತ್ತಿರಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ಮೇಳದ ಆಟ ಆದ ರಾತ್ರಿ ದೊಡ್ಡಪ್ಪ ಮುಂದಿನ ಕುರ್ಚಿಯಲ್ಲಿ. ದೊಡ್ಡಮ್ಮ ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೂತು, ದೂರದಿಂದ ಬರುವ ಚೆಂಡೆಯ ಸದ್ದು, ಭಾಗವತರ ಪದ ಕೇಳುತ್ತಿದ್ದರು. ಮಕ್ಕಳಾದ ನಾವು ಗದ್ದೆಯಿಂದ ನಿದ್ದೆಗಣ್ಣಿನಲ್ಲಿ ಬಂದರೆ, ಈಗ ಯಾವ ವೇಷ ಬಂತು ಎಂದು ನಮಗೇ ಹೇಳುತ್ತಿದ್ದರು. ಚೆಂಡೆಯ ಪೆಟ್ಟಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ಅವರು ಹೋದ ಮೇಲೆ ದೊಡ್ಡಪ್ಪ ತುಂಬ ಅತ್ತರು. ಗದ್ದೆಯ ಒಂದು ತುಂಡು ಮಾರಿ ಶಾಲೆಗೆ ರಂಗಮಂಟಪ ಕಟ್ಟಿಸಿ ಅವರ ಹೆಸರಿಟ್ಟರು. ಜೀವಮಾನದಲ್ಲಿ ಒಂದು ಆಟವನ್ನೂ ಎದುರು ಕೂತು ನೋಡದವರ ಹೆಸರು ರಂಗದ ಹಣೆಯ ಮೇಲೆ.

ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅಥೆನ್ಸ್‌ನಿಂದ ಬಂದ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಹೋದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಊರಿಗೆ ಹೋಗಿದ್ದೆ. ಆ ಮಂಟಪದ ಮೇಲೆ ಎಂಟನೆಯ ತರಗತಿಯ ಹುಡುಗಿಯರು ಕಿರೀಟ ಕಟ್ಟಿ, ಗೆಜ್ಜೆ ಕಟ್ಟಿ, ತಾವೇ ರಾಜವೇಷ ಹಾಕಿ ಕುಣಿದರು. ಮುಂದಿನ ಕುರ್ಚಿಗಳಲ್ಲಿ ಅವರ ಅಮ್ಮಂದಿರು, ಅಜ್ಜಿಯಂದಿರು. ರಂಗ ಯಾರ ದುಃಖಕ್ಕೋ ಯಾರ ತಪ್ಪಿಗೋ ಎದ್ದಿರಲಿ, ಈಗ ಅದು ಈ ಹುಡುಗಿಯರದು. ಅದನ್ನು ಕೆಡವಿ ಹಾಕಬೇಕಿಲ್ಲ. ಹೆಸರಿನ ಹಿಂದೆ ಇದ್ದ ಹೆಂಗಸು ಯಾರು ಎಂದು ಮಾತ್ರ ನಾವು ಹೇಳುತ್ತಲೇ ಇರಬೇಕು. ಒಲಿಂಪಿಯಾದ ಗೂಳಿಯ ಮೇಲಿನ ಬರಹ ಇಲ್ಲದಿದ್ದರೆ ರೆಜಿಲ್ಲಾ ನಮಗೆ ಬರೀ ಹೆರೋಡಿಸ್‌ನ ಹೆಂಡತಿಯಾಗಿ, ಅವನ ದುಃಖಕ್ಕೆ ಕಾರಣವಾಗಿ ಉಳಿದುಬಿಡುತ್ತಿದ್ದಳು.

ನಮ್ಮ ಸಂಘದಲ್ಲೂ ಅಮ್ಮನ ಹೆಸರಿನಲ್ಲಿ, ಅತ್ತೆಯ ಹೆಸರಿನಲ್ಲಿ ಬಹುಮಾನ, ದತ್ತಿನಿಧಿ ಇಡುವವರಿದ್ದೀರಿ. ಹೆಸರಿನ ಜೊತೆ ಅವರಿಗೆ ಏನು ಬರುತ್ತಿತ್ತು, ಏನು ಇಷ್ಟವಾಗಿತ್ತು ಎಂದು ಎರಡು ಸಾಲು ಬರೆದುಕೊಡಿ. ದೊಡ್ಡಮ್ಮನ ಮಗ, ನಮ್ಮ ಅಣ್ಣನಿಗೆ ನಾನೂ ಹೇಳಿದ್ದೇನೆ. ಆ ಕಲ್ಲಿನ ಕೆಳಗೆ ಒಂದು ಸಾಲು ಸೇರಿಸಬೇಕು, ಚೆಂಡೆಯ ಸದ್ದಿನಲ್ಲೇ ವೇಷ ಗುರುತಿಸುತ್ತಿದ್ದವರು ಎಂದು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಎಂದಿದ್ದಾನೆ.